ನವಿಲುನೀಲಿ ಬಳಿದ ಅಡುಗೆಮನೆ

ಹಾರೋಹಳ್ಳಿಯ ಹಳೇ ಬೀದಿಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಕೆಡವದೆ ಉಳಿದಿರುವ ಹೆಂಚಿನ ಮನೆಗಳು ಇನ್ನೂ ಇವೆ. ಕೈಗಾರಿಕಾ ಪ್ರದೇಶ ಬಂತು, ನಿವೇಶನದ ಬೆಲೆ ಏರಿತು, ರಾಮನಗರ ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಇಷ್ಟೆಲ್ಲದರ ನಡುವೆ ಅಜ್ಜನ ಕಾಲದ ಮನೆಯನ್ನು ಉಳಿಸಿಕೊಂಡವರ ಬಗ್ಗೆ ನನಗೆ ಗೌರವವಿದೆ. ಈ ಮನೆಗಳ ರಿಪೇರಿಯಲ್ಲಿ ಇತ್ತೀಚೆಗೆ ಒಂದು ರೂಢಿ ಕಾಣುತ್ತಿದೆ. ತೊಲೆ ಜಂತೆಗೆ ಪಾಲಿಶ್ ಆಗುತ್ತದೆ, ಜಗಲಿಗೆ ರೆಡ್ ಆಕ್ಸೈಡ್ ಬೀಳುತ್ತದೆ, ಕೊನೆಗೆ ಅಡುಗೆಮನೆಯ ನಾಲ್ಕೂ ಗೋಡೆಗೆ ಒಂದೇ ಗಾಢ ಬಣ್ಣ: ನವಿಲುನೀಲಿ, ಗಿಳಿಹಸಿರು, ಇಲ್ಲವೆ ಕಡುಗೆಂಪು. ಬಯಕೆ ಸರಿಯಾದದ್ದೇ. ಅದು ಗೋಡೆಗೆ ಇಳಿಯುತ್ತಿರುವ ರೀತಿ ಸರಿಯಿಲ್ಲ ಎಂಬುದು ನನ್ನ ತಕರಾರು.

ಬಯಕೆ ಸರಿ ಅನ್ನುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಅಡುಗೆಮನೆ ಬಂದವರಿಗೆ ತೋರಿಸುವ ಜಾಗವಾಗಿರಲಿಲ್ಲ. ಊರಹಬ್ಬಕ್ಕೆ, ಯುಗಾದಿಗೆ ಸುಣ್ಣಬಣ್ಣ ಆಗುವಾಗ ಮೊದಲು ಬೀದಿ ಗೋಡೆ, ಆಮೇಲೆ ಪಡಸಾಲೆ, ನಡುಮನೆ. ಡಬ್ಬದ ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿ ಅಡುಗೆಮನೆಗೆ ಬಳಿದು ಮುಗಿಸುತ್ತಿದ್ದರು. ದಿನದ ಅರ್ಧ ಭಾಗ ಅಲ್ಲೇ ನಿಂತು ದುಡಿಯುವ ಹೆಂಗಸರಿಗೆ ಯಾವ ಬಣ್ಣ ಬೇಕು ಎಂದು ಕೇಳಿದ್ದು ಅಪರೂಪ. ಈಗ ಆ ಕೋಣೆಗಾಗಿಯೇ ಒಂದು ಬಣ್ಣ ಆರಿಸಿ ತರುತ್ತಾರೆ ಅಂದರೆ, ಅಲ್ಲಿ ನಡೆಯುವ ಕೆಲಸಕ್ಕೆ ತಡವಾಗಿಯಾದರೂ ಸಂದ ಮರ್ಯಾದೆ ಅದು. ಈ ಬದಲಾವಣೆಯನ್ನು ಕೇವಲ ಪೇಟೆಯ ಶೋಕಿ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಳೆಯ ಅಡುಗೆಮನೆ ಬಣ್ಣಗೆಟ್ಟ ಜಾಗವಾಗಿತ್ತು ಎಂಬ ತಿಳಿವಳಿಕೆಯೂ ತಪ್ಪು. ಒಲೆಯ ಹಿಂದೆ ಹೊಗೆ ಕೂತು ಹೊಳೆಯುವ ಕಪ್ಪು, ಅಟ್ಟದಿಂದ ಇಳಿಬಿದ್ದ ಇಲ್ಲಣ, ಗೋಡೆಯ ಮೇಲ್ಭಾಗಕ್ಕೆ ಸುಣ್ಣದ ಬಿಳಿ, ಕೆಳಗೆ ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಕೆಮ್ಮಣ್ಣಿನ ಪಟ್ಟಿ, ನೆಲಕ್ಕೆ ಸಗಣಿಯ ಹಸಿರುಗಂದು. ಕಪ್ಪು, ಬಿಳಿ, ಕೆಂಪು ಹೀಗೆ ಎದುರುಬದುರು ನಿಲ್ಲುವುದಕ್ಕಿಂತ ದಿಟ್ಟವಾದ ಜೋಡಣೆ ಶೇಡ್ ಕಾರ್ಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಲೆನಾಡಿನ ದೀವರ ಚಿತ್ತಾರದಲ್ಲೂ ಇದೇ ಧೈರ್ಯ: ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ನಮ್ಮ ಬಯಲುಸೀಮೆಯ ಕೆಂಪು ಪಟ್ಟಿಗೆ ಚಿತ್ತಾರದ ಹೆಸರು ದಕ್ಕಲಿಲ್ಲ, ಆದರೆ ಅದಕ್ಕೆ ಅದರದೇ ವಿವೇಕವಿತ್ತು. ನೀರು ಚೆಲ್ಲುವುದು, ಕಾಲು ತಾಗುವುದು, ಕೆಸರು ಸಿಡಿಯುವುದು ಎಲ್ಲವೂ ಕೆಳಗಡೆ, ಅಲ್ಲಿ ಕಲೆ ಮರೆಸುವ ಕೆಂಪು. ಬೆಳಕು ಬಿದ್ದು ತಿರುಗಬೇಕಾದದ್ದು ಮೇಲುಗಡೆ, ಅಲ್ಲಿ ಬಿಳಿ.

ಬೆಳಕಿನಿಂದಲೇ ಆರಂಭಿಸಬೇಕು, ಯಾಕೆಂದರೆ ನವಿಲುನೀಲಿ ಸೋಲುವುದು ಮೊದಲು ಅಲ್ಲಿ. ಈ ಭಾಗದ ಹಳೇ ಅಡುಗೆಮನೆಗೆ ಒಂದು ಗವಾಕ್ಷಿ, ಒಲೆಯ ಮೇಲೆ ಹೊಗೆ ಹೋಗುವ ಕಿಂಡಿ, ಪುಣ್ಯವಿದ್ದರೆ ಸೂರಿನಲ್ಲಿ ಒಂದು ಗಾಜಿನ ಹೆಂಚು. ಬಾಗಿಲು ಗಿಡ್ಡ. ಒಳ್ಳೆಯ ಸುಣ್ಣದ ಬಿಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಕೋಣೆಗೆ ಹಿಂದಿರುಗಿಸುತ್ತದೆ. ಕಡು ನೀಲಿ, ಕಡು ಹಸಿರು ಹಿಂದಿರುಗಿಸುವುದು ಹತ್ತೋ ಹದಿನೈದೋ. ಅಂದರೆ ಗವಾಕ್ಷಿಯಿಂದ ಬಂದ ಬೆಳಕನ್ನು ಎದುರಿನ ಗೋಡೆಯೇ ನುಂಗಿಬಿಡುತ್ತದೆ. ಜೊತೆಗೆ ಇನ್ನೊಂದು ಸಂಗತಿಯಿದೆ. ಚಿಕ್ಕ ಕೋಣೆಯಲ್ಲಿ ನಾಲ್ಕೂ ಗೋಡೆ ಒಂದೇ ಬಣ್ಣವಾದರೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು, ಅಂಗಡಿಯಲ್ಲಿ ಅಂಗೈಯಗಲ ನೋಡಿದ್ದಕ್ಕಿಂತ ಬಹಳ ಗಾಢವಾಗಿ ಕಾಣುತ್ತದೆ. ಅದರ ಛಾಯೆ ತಟ್ಟೆಯ ಅನ್ನದ ಮೇಲೂ ಬೀಳುತ್ತದೆ. ಅಕ್ಕಿಯ ಕಲ್ಲು ಆರಿಸುವವರು, ಸೊಪ್ಪು ಬಿಡಿಸುವವರು ಹಗಲಲ್ಲೇ ಎಲ್‌ಇಡಿ ಹಾಕಿಕೊಳ್ಳಬೇಕಾದ ಅಡುಗೆಮನೆ ಎಷ್ಟೇ ಚೆಂದವಿದ್ದರೂ ಚೆಂದವಲ್ಲ. ತಣ್ಣನೆಯ ಬಿಳಿ ಎಲ್‌ಇಡಿಯ ಕೆಳಗೆ ಹಗಲಲ್ಲಿ ಬೆಚ್ಚಗಿದ್ದ ಕೆಂಪೂ ಕಳೆಗುಂದುತ್ತದೆ.

ಬೆಳಕಿನ ತೊಂದರೆಯನ್ನು ಸಹಿಸಿಕೊಳ್ಳಬಹುದು. ಗೋಡೆಯ ತೊಂದರೆ ಹಾಗಲ್ಲ. ಹಳೇ ಮನೆಯ ಗೋಡೆ ಮಣ್ಣಿನದು ಅಥವಾ ಮಣ್ಣುಗಾರೆಯಲ್ಲಿ ಕಟ್ಟಿದ ಕಲ್ಲಿನದು. ತಳಪಾಯದಿಂದ ಮೇಲೇರುವ ತೇವ, ಮುದ್ದೆಗೆ ಎಸರಿಟ್ಟ ಪಾತ್ರೆಯ ಹಬೆ, ಮಳೆಗಾಲದ ಥಂಡಿ ಎಲ್ಲವನ್ನೂ ಅದು ಹೀರಿ ನಿಧಾನವಾಗಿ ಹೊರಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ. ನೀರಿನಲ್ಲಿ ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲೇ ಆಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಆದರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಹೊಸ ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ಬೂಷ್ಟು ಹತ್ತಿರ ಸುಳಿಯದು. ಎಮಲ್ಷನ್ ಪೇಂಟು ಹಾಗಲ್ಲ, ಅದು ಪ್ಲಾಸ್ಟಿಕ್ಕಿನ ತೆಳುವಾದ ಪೊರೆ. ಗಾಢ ಬಣ್ಣ ನುಣ್ಣಗೆ ಹೊಳೆಯಬೇಕೆಂದು ಪೇಂಟರು ಮೊದಲು ಸಿಮೆಂಟ್ ಗಾರೆ ಮೆತ್ತಿಸಿ, ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಕೊಡುತ್ತಾರೆ. ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಉಪ್ಪು ಬಿಟ್ಟು, ಬಣ್ಣ ಹಕ್ಕಳೆ ಏಳುತ್ತದೆ. ತಿಳಿ ಬಣ್ಣದಲ್ಲಿ ಹಕ್ಕಳೆ ಅಷ್ಟಾಗಿ ಕಣ್ಣಿಗೆ ಬೀಳದು. ನವಿಲುನೀಲಿಯ ಮೇಲೆ ಬಿಳಿ ಉಪ್ಪಿನ ಗೆರೆ ಬಾಗಿಲಿನಿಂದಲೇ ಕಾಣುತ್ತದೆ. ಗಟ್ಟಿ ಸಿಮೆಂಟು ಮೆತ್ತನೆಯ ಮಣ್ಣಿನ ಜೊತೆ ಹೊಂದದೆ ಫಲಕ ಫಲಕವಾಗಿ ಬಿಟ್ಟುಕೊಳ್ಳುವುದೂ ಉಂಟು, ಆಗ ಅದರೊಂದಿಗೆ ಹಳೇ ಗೋಡೆಯ ಮೈಯೂ ಕಿತ್ತುಬರುತ್ತದೆ. ನೂರು ವರ್ಷ ನಿಂತ ಗೋಡೆಗೆ ಒಂದು ಬಣ್ಣದ ಆಸೆಯಿಂದ ಇಂಥ ಪೆಟ್ಟು ಬೀಳುವುದನ್ನು ನೋಡಲು ಸಂಕಟವಾಗುತ್ತದೆ.

ಹಾಗಾದರೆ ಸುಣ್ಣದಲ್ಲೇ ಗಾಢ ಬಣ್ಣ ಸಾಧ್ಯವೇ? ಸಾಧ್ಯ, ಆದರೆ ಸುಣ್ಣ ಎಲ್ಲ ಬಣ್ಣವನ್ನೂ ಒಪ್ಪುವುದಿಲ್ಲ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆರತಿಯ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಹೀಗೆ ಕ್ಷಾರಕ್ಕೆ ಸೋಲುವ ಸಸ್ಯದ ಬಣ್ಣಗಳು ಸುಣ್ಣದ ಗೋಡೆಗೆ ಬಾರವು. ನಿಲ್ಲುವುದು ಮಣ್ಣಿನ, ಕಬ್ಬಿಣದ ಬಣ್ಣಗಳು: ಕೆಮ್ಮಣ್ಣು, ಹಳದಿ ಮಣ್ಣು, ರೆಡ್ ಆಕ್ಸೈಡ್. ಬಟ್ಟೆಗೆ ಹಾಕುವ ನೀಲಿಪುಡಿಯೂ ನಿಲ್ಲುತ್ತದೆ. ಅದು ಅಲ್ಟ್ರಾಮರೀನ್. ಒಂದಾನೊಂದು ಕಾಲಕ್ಕೆ ಅಫ್ಘಾನಿಸ್ತಾನದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆಯಬೇಕಿದ್ದ ಬಣ್ಣ, 1820ರ ದಶಕದಲ್ಲಿ ಯೂರೋಪಿನಲ್ಲಿ ಕೃತಕವಾಗಿ ಮಾಡಲು ಕಲಿತ ಮೇಲೆ ಅಗ್ಗವಾಗಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ತನಕ ಬಂತು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಿಳಿಯನ್ನು ಇನ್ನಷ್ಟು ಬಿಳಿಯಾಗಿಸುವುದು ಪ್ರತಿ ಹಳ್ಳಿಗೂ ಗೊತ್ತು. ಚಿಟಿಕೆಯ ಬದಲು ಹಿಡಿಯಷ್ಟು ಹಾಕಿದರೆ ಆಕಾಶದ ನೀಲಿ. ಹಸಿರು ಬೇಕೆಂದರೆ ಕ್ರೋಮಿಯಂ ಆಕ್ಸೈಡ್ ಇದೆ, ಕೊಂಚ ಮಂಕಾದರೂ ಬಾಳಿಕೆಯ ಬಣ್ಣ. ಮಿತಿಯನ್ನೂ ಹೇಳಬೇಕು. ಸುಣ್ಣದ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಪುಡಿ ಬೆರೆಸಿದರೆ ಅದು ಗೋಡೆಗೆ ಕಚ್ಚದೆ ಕೈಗೆ ಹತ್ತುತ್ತದೆ. ಹಸಿಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಶೇಡ್ ಕಾರ್ಡಿನ ನವಿಲುನೀಲಿ ಸುಣ್ಣದಲ್ಲಿ ಸಿಗುವುದಿಲ್ಲ. ಸಿಗುವ ನೀಲಿಗೆ ಮಾತ್ರ ಒಂದು ಆಳವಿರುತ್ತದೆ, ಬ್ರಷ್ಷು ಓಡಿದ ಗುರುತಿರುತ್ತದೆ, ಹೊತ್ತಿಗೊಂದು ಥರ ಕಾಣುತ್ತದೆ. ನನ್ನ ಕಣ್ಣಿಗೆ ಅದು ಪೊರೆಯ ನೀಲಿಗಿಂತ ಎಷ್ಟೋ ಮೇಲು.

ಈ ಸೀಮೆಯಲ್ಲಿ ಗಾಢ ಬಣ್ಣದ ಮಾತು ಬಂದರೆ ಚನ್ನಪಟ್ಟಣದ ಹೆಸರು ಬಂದೇ ಬರುತ್ತದೆ. ‘ಬೊಂಬೆಯ ಕೆಂಪು ಬೇಕು, ಬೊಂಬೆಯ ಹಳದಿ ಬೇಕು’ ಎಂದು ಗೋಡೆಗೂ ಕೇಳುವವರಿದ್ದಾರೆ. ಬೊಂಬೆಯಲ್ಲಿ ಆ ಬಣ್ಣ ಯಾಕೆ ಗೆಲ್ಲುತ್ತದೆ ಎಂದು ನೋಡಬೇಕು. ಆಲೆಮರದ ತುಂಡು ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹರಡುತ್ತದೆ, ತಾಳೆ ಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ವಸ್ತು ಚಿಕ್ಕದು, ದುಂಡನೆಯದು. ಬೆಳಕು ಅದರ ಮೈಮೇಲೆ ಒಂದೇ ಕಡೆ ಮಿಂಚಿ ಉಳಿದೆಡೆ ನೆರಳಾಗುವುದರಿಂದ ಒಂದೇ ಕೆಂಪಿನಲ್ಲಿ ಹತ್ತು ಕೆಂಪು ಕಾಣುತ್ತವೆ. ಅದೇ ಕೆಂಪನ್ನು ಹತ್ತಡಿ ಚಪ್ಪಟೆ ಗೋಡೆಗೆ ಬಳಿದರೆ ಉಳಿಯುವುದು ಒಂದೇ ಕೆಂಪು, ಅದೂ ಕಣ್ಣಿಗೆ ಹೊಡೆಯುವಂಥದ್ದು. ಬೊಂಬೆಯ ಬಣ್ಣ ಬೇಕೆಂದರೆ ಬೊಂಬೆಯ ಪ್ರಮಾಣದಲ್ಲೇ ತರಬೇಕು: ಗೋಡೆಗೂಡಿನ ಒಳಮೈಗೆ, ಬಾಗಿಲವಾಡದ ಅಂಚಿಗೆ, ಸ್ಟ್ಯಾಂಡಿನ ಗೂಟಗಳಿಗೆ. ಹಳೇ ಮನೆಯಲ್ಲಿ ಉಪ್ಪು ಹುಣಸೆ ಇಡುವ ಗೂಡುಗಳಿರುವುದು ಇದಕ್ಕೆ ಹೇಳಿ ಮಾಡಿಸಿದಂತಿದೆ.

ದೊಡ್ಡ ಮಟ್ಟದಲ್ಲಿ ಗಾಢ ಬಣ್ಣ ಗೆದ್ದ ಹಳೇ ಮನೆ ಇಲ್ಲವೇ? ಇದೆ. ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲೋಡ್ ಮೊನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯ ಅಡುಗೆಮನೆ ನೀಲಿ, ಪಕ್ಕದ ಊಟದ ಕೋಣೆ ಅಪ್ಪಟ ಹಳದಿ. ಒಂದರಿಂದ ಇನ್ನೊಂದು ಕಾಣುತ್ತದೆ, ಎರಡೂ ಒಂದನ್ನೊಂದು ಎತ್ತಿಹಿಡಿಯುತ್ತವೆ. ಬೆಂಗಳೂರಿನ ಒಳಾಂಗಣ ವಿನ್ಯಾಸಕಾರರು ತೋರಿಸುವ ಚಿತ್ರಗಳಲ್ಲಿ ಇದರ ನೆರಳು ಆಗಾಗ ಕಾಣುತ್ತದೆ. ಆದರೆ ಅಲ್ಲಿನ ನೀಲಿ ಬಹುಪಾಲು ಮೆರುಗಿನ ಬಿಲ್ಲೆಗಳ ಮೇಲಿನದು, ಬಿಳಿಯ ಜೊತೆ ಬೆರೆತದ್ದು, ತೋಟದ ಕಡೆ ತೆರೆದ ಕಿಟಕಿಯ ಬೆಳಕನ್ನು ಮರಳಿ ಎಸೆಯುವಂಥದ್ದು. ಆ ಮನೆಯಿಂದ ಕಲಿಯಬೇಕಾದದ್ದು ಪಕ್ಕದ ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬುದ್ಧಿ. ನಡುಮನೆಯಲ್ಲಿ ನಿಂತು ಅಡುಗೆಮನೆ ಬಾಗಿಲಿನ ಚೌಕಟ್ಟಿನೊಳಗೆ ಯಾವ ಬಣ್ಣ ಕಾಣಬೇಕು ಎಂದು ಯೋಚಿಸಿದವರು ನಾಲ್ಕೂ ಗೋಡೆಗೆ ಬಳಿಸುವುದಿಲ್ಲ. ಬಾಗಿಲಿಗೆ ಎದುರಾದ ಒಂದು ಗೋಡೆ ಸಾಕಾಗುತ್ತದೆ.

ಯಾವ ಬಣ್ಣ ಎಂದು ಕೇಳಿದರೆ ನನ್ನ ಉತ್ತರ ಕೆಮ್ಮಣ್ಣಿನ ಕೆಂಪು. ಹಳತರ ಮೋಹದಿಂದ ಹೇಳುತ್ತಿಲ್ಲ. ಈ ನೆಲದ ಬಂಡೆ ಕ್ಲೋಸ್‌ಪೇಟೆ ಗ್ರಾನೈಟ್, ರಾಮನಗರದ ಹಳೇ ಹೆಸರಿನಿಂದಲೇ ಭೂವಿಜ್ಞಾನದಲ್ಲಿ ಪ್ರಸಿದ್ಧವಾದದ್ದು, ಸುಮಾರು 250 ಕೋಟಿ ವರ್ಷದ್ದು. ಬೂದು ಮೈಯಲ್ಲಿ ನಸುಗುಲಾಬಿಯ ದಪ್ಪ ಹರಳು. ಅಡುಗೆಮನೆಯ ಚಪ್ಪಡಿ, ಒರಳು, ಹೊಸ್ತಿಲು ಈ ಸೀಮೆಯ ಕಲ್ಲಿನವು. ಆ ಗುಲಾಬಿಗೆ ಕೆಮ್ಮಣ್ಣು ನೆಂಟ, ನವಿಲುನೀಲಿ ಅದನ್ನು ಕೊಳೆಯಂತೆ ಕಾಣಿಸುತ್ತದೆ. ಇನ್ನು ಪಾತ್ರೆಗಳ ಮಾತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಲೋಕಮಾತಾ ಮಂದಿರವೆಂಬ ಭಾಗವಿದೆ, ಮನೆಬಳಕೆಯ, ಅಡುಗೆಯ ಹಳೇ ಸಾಮಾನುಗಳ ಸಂಗ್ರಹ. ಅಂಥ ಸಾಮಾನುಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ: ಹಿತ್ತಾಳೆ, ತಾಮ್ರ, ಸುಟ್ಟ ಮಣ್ಣು, ಮರ ಇವುಗಳೇ ಸ್ವತಃ ಬಣ್ಣಗಳು. ಕೆಂಪುಮಣ್ಣಿನ ಮುಂದೆ ಹಿತ್ತಾಳೆ ಉರಿಯುತ್ತದೆ. ಸ್ಟೀಲಿನ ಪಾತ್ರೆಯ ತಣ್ಣನೆಯ ಬಿಳಿಯೂ ಅದರ ಮುಂದೆ ಕೊಂಚ ಬೆಚ್ಚಗಾಗುತ್ತದೆ. ಎರಡನೆಯ ಆಯ್ಕೆ ಹಳದಿ ಮಣ್ಣು, ಬೆಳಕು ತೀರಾ ಕಡಿಮೆಯಿರುವ ಕೋಣೆಗೆ ಅದೇ ಮೊದಲನೆಯದು. ನೀಲಿಯನ್ನು ಪೂರ್ವಕ್ಕೆ ಕಿಟಕಿಯಿದ್ದವರು, ಒಂದೇ ಗೋಡೆಗೆ, ಸುಣ್ಣದಲ್ಲಿ ಬಳಸಬಹುದು. ಗಿಳಿಹಸಿರನ್ನು ನಾನು ಯಾರಿಗೂ ಹೇಳಲಾರೆ. ಹಿತ್ತಿಲ ಬಾಗಿಲಲ್ಲಿ ಕಾಣುವ ಬಾಳೆ, ಕರಿಬೇವಿನ ಜೀವಂತ ಹಸಿರಿನೆದುರು ಅದು ನಿಲ್ಲುವುದಿಲ್ಲ.

ಬಣ್ಣ ಆರಿಸುವ ಮೊದಲೇ ವಹಿಸಬೇಕಾದ ಒಂದು ಎಚ್ಚರಿಕೆ. ಹಳೇ ಮನೆಯ ಬಾಗಿಲು, ಕಿಟಕಿ, ಕೆಲವೆಡೆ ಅಡುಗೆಮನೆಯ ಗೋಡೆಯ ಕೆಳಭಾಗಕ್ಕೂ ಹಿಂದೆ ಆಯಿಲ್ ಪೇಂಟ್ ಬಳಿದಿರುತ್ತಾರೆ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಆಯಿಲ್ ಪೇಂಟುಗಳಲ್ಲಿ ಸೀಸ ಬಹಳ ಇರಬಹುದು. ಒಣಗಿದ್ದನ್ನು ಉಜ್ಜುಕಾಗದದಿಂದ ಉಜ್ಜಿ ಧೂಳೆಬ್ಬಿಸಿದರೆ ಅದು ಮಕ್ಕಳ ಉಸಿರಿಗೂ ಬಾಯಿಗೂ ಹೋಗುತ್ತದೆ, ಮಿದುಳಿಗೆ ಆಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನೀರು ಹಾಕಿ ಒದ್ದೆ ಮಾಡಿಯೇ ಕೆರೆಯಬೇಕು. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿರಬಾರದು. ಕೆರೆಯುವವರು ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಬೇಕು. ಕೂಲಿಗೆ ಬಂದವರ ಆರೋಗ್ಯ ಮನೆಯವರ ಹೊಣೆಯೂ ಹೌದು.

ಸುಣ್ಣದ ಬಗ್ಗೆ ಮನೆಯ ಹೆಂಗಸರು ಎತ್ತುವ ಆಕ್ಷೇಪಗಳನ್ನು ಹಗುರ ಮಾಡುವಂತಿಲ್ಲ. ಸೆರಗಿಗೆ ಹತ್ತುತ್ತದೆ, ಒದ್ದೆಬಟ್ಟೆಯಲ್ಲಿ ಒರೆಸಲು ಬರುವುದಿಲ್ಲ, ಒಗ್ಗರಣೆಯ ಎಣ್ಣೆ ಸಿಡಿದರೆ ಕಲೆ ಹೋಗುವುದಿಲ್ಲ, ಹುಳಿ ಸಿಡಿದರಂತೂ ಸುಣ್ಣವನ್ನೇ ತಿನ್ನುತ್ತದೆ. ಎಲ್ಲವೂ ನಿಜ. ಸುಣ್ಣವನ್ನು ಚೆನ್ನಾಗಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಕೊಂಚ ಗೋಂದು ಬೆರೆಸಿ, ತೆಳ್ಳಗೆ ಮೂರು ನಾಲ್ಕು ಸಲ ಬಳಿದರೆ ಕೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ಆತುರದಲ್ಲಿ ಒಂದೇ ಸಲ ದಪ್ಪಗೆ ಬಳಿದದ್ದೇ ಉದುರುವುದು. ಸಿಡಿಯುವ ಜಾಗಕ್ಕೆ ಮಾತ್ರ ಯಾವ ಬಣ್ಣವೂ ಬೇಡ. ಗ್ಯಾಸ್ ಒಲೆಯ ಹಿಂದೆ ಎರಡಡಿ ಎತ್ತರಕ್ಕೆ ನಯವಾಗಿ ಪಾಲಿಶ್ ಮಾಡಿದ ಕರಿಕಲ್ಲಿನ ಚಪ್ಪಡಿಯೊಂದನ್ನು ನಿಲ್ಲಿಸಿ, ಗೋಡೆಗೂ ಅದಕ್ಕೂ ನಡುವೆ ಬೆರಳಗಲ ಸಂದು ಬಿಟ್ಟರೆ ಹಿಂದಿನ ಮಣ್ಣಿಗೆ ಗಾಳಿಯೂ ಆಡುತ್ತದೆ, ಒರೆಸಲು ನುಣ್ಣನೆಯ ಮೈಯೂ ಸಿಗುತ್ತದೆ. ಹೊಗೆಯೊಲೆ ಇದ್ದಾಗ ಗೋಡೆಯ ಆ ಭಾಗ ಹೇಗೂ ಕಪ್ಪಾಗಿಯೇ ಇತ್ತು. ಈಗ ಕಪ್ಪುಕಲ್ಲು, ಅದರ ಅಕ್ಕಪಕ್ಕ ಕೆಮ್ಮಣ್ಣು, ಸೊಂಟದಿಂದ ಮೇಲೆ ಸೂರಿನವರೆಗೆ ಚಿಟಿಕೆ ನೀಲಿ ಬೆರೆತ ಬಿಳಿ. ಇಷ್ಟಕ್ಕೆ ಬೇಕಾಗುವ ಸುಣ್ಣ ಮತ್ತು ಪುಡಿಯ ಖರ್ಚು ಪುಟ್ಟಿ, ಪ್ರೈಮರ್, ಎಮಲ್ಷನ್ನಿನ ಖರ್ಚಿಗಿಂತ ತೀರಾ ಕಡಿಮೆ. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಮತ್ತೆ ಬಳಿಯಬೇಕಾಗುತ್ತದೆ. ಹೋದ ವರ್ಷದ ಬಣ್ಣ ಹಿಡಿಸದಿದ್ದರೆ ಬದಲಾಯಿಸಲು ಆಗ ಯಾವ ಪೊರೆಯನ್ನೂ ಸುಲಿಯಬೇಕಿಲ್ಲ.