ಕಾಯದವಳ ಪರ

ಎರಡನೇ ಮಹಾಯುದ್ಧ, ರಣರಂಗಕ್ಕೆ ಹೊರಟ ಹುಡುಗ, ಊರಲ್ಲುಳಿದ ಹುಡುಗಿ. ಅದರ ಮೇಲೆ ಸೋವಿಯತ್ ಸರ್ಕಾರಿ ಸ್ಟುಡಿಯೋದ ತಯಾರಿಕೆ. ಒಂದಿಷ್ಟು ದೇಶಭಕ್ತಿ, ಒಂದಿಷ್ಟು ಕಣ್ಣೀರು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಕೂರುತ್ತೇವೆ. ಮಿಖಾಯಿಲ್ ಕಲಾತೊಜೊವ್ ನಿರ್ದೇಶನದ 'ದಿ ಕ್ರೇನ್ಸ್ ಆರ್ ಫ್ಲೈಯಿಂಗ್' (1957) ಆ ಲೆಕ್ಕವನ್ನು ಬಹುಬೇಗ ತಪ್ಪಿಸುತ್ತದೆ.

ಹುಡುಗ ಬೋರಿಸ್‌ನ ಬೀಳ್ಕೊಡುಗೆಯ ದೃಶ್ಯವನ್ನೇ ನೋಡಿ. ತಡವಾದ ಹುಡುಗಿ ವೆರೊನಿಕಾ ಬಸ್ಸಿನಲ್ಲಿ ಚಡಪಡಿಸುತ್ತಿದ್ದಾಳೆ, ಕ್ಯಾಮೆರಾ ಅವಳ ಪಕ್ಕದಲ್ಲೇ ಇದೆ. ಅವಳು ಇಳಿದರೆ ತಾನೂ ಇಳಿದು ಜನಜಂಗುಳಿಯಲ್ಲಿ ನುಗ್ಗುತ್ತದೆ. ಆಮೇಲೆ ಒಂದೇ ಉಸಿರಿನಲ್ಲಿ ಮೇಲಕ್ಕೇರಿ, ಟ್ಯಾಂಕುಗಳ ನಡುವೆ ಓಡುವ ಅವಳನ್ನು ತೋರಿಸುತ್ತದೆ. ಛಾಯಾಗ್ರಾಹಕ ಸೆರ್ಗೈ ಉರುಸೆವ್‌ಸ್ಕಿಯ ಕಸರತ್ತು ಇದು, ನಿಜ. ಆದರೆ ಅಷ್ಟೆಲ್ಲ ಓಡಿದರೂ ಅವಳ ಕೂಗು ಬೋರಿಸ್‌ಗೆ ಕೇಳುವುದಿಲ್ಲ; ಅವನಿಗೆಂದು ಎಸೆದ ಬಿಸ್ಕತ್ತಿನ ಪೊಟ್ಟಣ ಹೊರಟವರ ಕಾಲಡಿ ಪುಡಿಯಾಗುತ್ತದೆ.

ವೆರೊನಿಕಾ ಅವನಿಗಾಗಿ ಕಾಯುವುದಿಲ್ಲ. ಬಾಂಬಿಗೆ ಹೆತ್ತವರು ಬಲಿಯಾಗುತ್ತಾರೆ. ಮತ್ತೊಂದು ದಾಳಿಯ ರಾತ್ರಿ ಬೋರಿಸ್‌ನ ದಾಯಾದಿ ಮಾರ್ಕ್ ಅವಳ ಮೇಲೆರಗುತ್ತಾನೆ, ಅವನನ್ನೇ ಮದುವೆಯಾಗುತ್ತಾಳೆ. ಚಿತ್ರ ಬಂದಾಗ ಸ್ಟಾಲಿನ್ ಸತ್ತು ನಾಲ್ಕು ವರ್ಷಗಳಾಗಿದ್ದವು ನಿಜ. ಆದರೂ ಇಂಥವಳನ್ನು ನಾಯಕಿಯಾಗಿಯೇ ಉಳಿಸಿಕೊಳ್ಳಲು ಧೈರ್ಯ ಬೇಕಿತ್ತು. ಆಸ್ಪತ್ರೆಯಲ್ಲಿ ಗಾಯಾಳು ಸೈನಿಕನೊಬ್ಬ, ಗೆಳತಿ ಬೇರೆಯವನನ್ನು ಕಟ್ಟಿಕೊಂಡಳೆಂದು ಕಿರುಚಾಡುತ್ತಾನೆ. ಬೋರಿಸ್‌ನ ತಂದೆ, ಅಲ್ಲಿನ ವೈದ್ಯ, ಅಂಥ ಹೆಂಗಸರಿಗೆ ಕ್ಷಮೆಯೇ ಇಲ್ಲವೆಂದು ಗುಡುಗುತ್ತಾನೆ. ಬೇರೆ ಚಿತ್ರದಲ್ಲಾಗಿದ್ದರೆ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಅದನ್ನು ಕೇಳಿಸಿಕೊಳ್ಳುತ್ತ ನಿಂತವಳು ದಾದಿ ವೆರೊನಿಕಾ. ತತಿಯಾನಾ ಸಮೊಯ್ಲೊವಾಳ ಆ ಮುಖ ಎದುರಿಗಿರುವಾಗ ಮುದುಕನ ನೀತಿಗೆ ಯಾರು ತಲೆದೂಗಿಯಾರು? ಮುದುಕ ಕೆಟ್ಟವನೂ ಅಲ್ಲ, ಅದೇ ಕಷ್ಟ.

1958ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ಡಿ'ಓರ್ ಗೆದ್ದ ಚಿತ್ರವೆಂದು ಕುಂದುಗಳನ್ನು ಮುಚ್ಚಬೇಕಿಲ್ಲ. ಮುದುಕನ ಮಾತು ಕೇಳಿ ಸಾಯಲು ಓಡಿದ ವೆರೊನಿಕಾ ಕಾಪಾಡುವ ಮಗುವಿಗೂ ಬೋರಿಸ್ ಎಂದೇ ಹೆಸರು. ಚಿತ್ರಕತೆಗಾರ ವಿಕ್ತೊರ್ ರೊಜೊವ್ ಇಲ್ಲಿ ಸುಲಭದ ದಾರಿ ಹಿಡಿದ. ಕೊನೆಯಲ್ಲಿ ರೈಲು ನಿಲ್ದಾಣದ ಭಾಷಣ ಸರ್ಕಾರಕ್ಕೆ ಕಟ್ಟಿದ ಸುಂಕ. ನನ್ನ ದೊಡ್ಡ ತಕರಾರು ಮಾರ್ಕ್‌ನ ಬಗ್ಗೆ. ಅವನು ಹೇಡಿ, ಸೇನೆ ತಪ್ಪಿಸಿಕೊಳ್ಳಲು ಮೋಸ ಮಾಡಿದವನು, ಹೆಂಡತಿಗೆ ಬಗೆದ ದ್ರೋಹ ಬೇರೆ. ಇಷ್ಟೆಲ್ಲ ಕೆಡುಕನ್ನು ಅವನ ತಲೆಗೆ ಕಟ್ಟಿದ್ದರಿಂದ ವೆರೊನಿಕಾಳನ್ನು ಕ್ಷಮಿಸುವುದು ಹಗುರವಾಯಿತು. ಅವಳು ಒಬ್ಬ ಒಳ್ಳೆಯವನನ್ನು, ಮನಸಾರೆ ಒಪ್ಪಿ ಮದುವೆಯಾಗಿದ್ದರೆ? ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದು ಚಿತ್ರ ಹಿಂದಕ್ಕೆ ಸರಿಯುತ್ತದೆ.