ನಗು ಯಾರದು, ಯಾರ ಮೇಲೆ?

ನಗಿಸುವವರನ್ನು ನಮ್ಮ ಸಮಾಜ ಮೊದಲಿನಿಂದಲೂ ಸ್ವಲ್ಪ ಹಗುರವಾಗಿಯೇ ಕಂಡಿದೆ. ಅಳಿಸಿದರೆ ಕಲೆ, ನಗಿಸಿದರೆ ಬರೀ ಕಾಲಹರಣ ಎಂಬ ಭಾವನೆ ಓದು ಬರಹ ಬಲ್ಲವರಲ್ಲೂ ಇದೆ. ಆದರೆ ಒಂದು ಊರಿನ ಜನ ಯಾರನ್ನು ನೋಡಿ ನಗುತ್ತಾರೆ, ಯಾರ ಜೊತೆ ಕೂತು ನಗುತ್ತಾರೆ ಎಂಬುದನ್ನು ಗಮನಿಸಿದರೆ ಆ ಊರಿನ ಆರೋಗ್ಯ ಹೇಗಿದೆಯೆಂದು ತಿಳಿಯುತ್ತದೆ. ಇಂದು ಆ ನಗು ನಾಟಕದ ಡೇರೆಯನ್ನೂ ಸಿನಿಮಾ ಟಾಕೀಸನ್ನೂ ದಾಟಿ ಅಂಗೈಯ ಮೊಬೈಲಿಗೆ ಬಂದಿದೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಕೈಯಲ್ಲೂ, ಕುಣಿಗಲ್ ಬಸ್ಸಿಗೆ ಕಾಯುವ ಕಾಲೇಜು ಹುಡುಗರ ಕೈಯಲ್ಲೂ ಹಾಸ್ಯದ ತುಣುಕುಗಳೇ ಓಡುತ್ತಿರುತ್ತವೆ. ಇವುಗಳಲ್ಲಿ ನೋಡಲು ಯೋಗ್ಯವಾದವು ಯಾವುವು? ಕೆಲವನ್ನಾದರೂ ಓದುಗರಿಗೆ ಸೂಚಿಸೋಣ ಎಂಬುದು ಈ ಬರಹದ ಉದ್ದೇಶ.

ಹಾಗೆ ಸೂಚಿಸುವಾಗ ನಾವು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಹಾಸ್ಯ ಅಧಿಕಾರದ ಮೇಲೋ ತನ್ನ ಮೇಲೋ ನಗುತ್ತಿದೆಯೇ, ಅಥವಾ ಪಕ್ಕದ ಮನೆಯವನ ನಾಲಗೆಯ ಮೇಲೆ ನಗುತ್ತಿದೆಯೇ? ಮೊದಲನೆಯದು ಮನುಷ್ಯನನ್ನು ಹಗುರಗೊಳಿಸುತ್ತದೆ. ಎರಡನೆಯದು ನೆರೆಯವನನ್ನು ಸಣ್ಣವನನ್ನಾಗಿ ಮಾಡುತ್ತದೆ.

ಗುಬ್ಬಿಯ ಡೇರೆ

ಸ್ವತಂತ್ರ ಹಾಸ್ಯದ ಮಾತು ಬಂದಾಗ ನಮ್ಮ ಜಿಲ್ಲೆ ಬೇರೆ ಕಡೆ ನೋಡಬೇಕಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಅದನ್ನು ಕಟ್ಟಲು ಮುಂದಾದವರು ಊರಿನ ವರ್ತಕ ಚಂದಣ್ಣ ಮತ್ತು ಅವರ ಗೆಳೆಯ ಅಬ್ದುಲ್ ಅಜೀಜ್ ಸಾಹೇಬ್. ಗುಬ್ಬಿಯ ಚನ್ನಬಸವೇಶ್ವರನ ಹೆಸರು ಹೊತ್ತ ಮಂಡಳಿಯ ಹುಟ್ಟಿನಲ್ಲಿ ಒಬ್ಬ ಸಾಹೇಬರ ಪಾಲಿತ್ತು ಎಂಬುದು ಅಂದಿನವರಿಗೆ ಹೇಳಿಕೊಳ್ಳುವ ಸಂಗತಿಯೂ ಆಗಿರಲಿಲ್ಲ. ಇಂದು ಅದನ್ನು ನೆನಪಿಸಬೇಕಾಗಿ ಬಂದಿದೆ ಎಂಬುದೇ ಕಾಲ ಎಷ್ಟು ಬದಲಾಗಿದೆ ಎಂಬುದಕ್ಕೆ ಸಾಕ್ಷಿ.

ಆ ಮಂಡಳಿಗೆ ಬಾಲನಟನಾಗಿ ಸೇರಿದ ಹುಡುಗನೇ ಗುಬ್ಬಿ ವೀರಣ್ಣ. 1891ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡ ವೀರಣ್ಣನವರು ಮುಂದೆ ಕಂಪನಿಯ ಒಡೆಯರಾದರು, ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು 'ಕುರುಕ್ಷೇತ್ರ' ಆಡಿಸಿದರು. ಆದರೂ ಜನ ಅವರನ್ನು ಮನಸ್ಸಿಗೆ ಹಚ್ಚಿಕೊಂಡಿದ್ದು ಹಾಸ್ಯ ನಟನೆಂದೇ. 'ಸದಾರಮೆ' ನಾಟಕದ ಕಳ್ಳನ ಪಾತ್ರದಿಂದ ಅವರು ಮನೆಮಾತಾದರು. ಅದೇ ಕಂಪನಿಯ ಅಂಗಳದಲ್ಲಿ ಪಳಗಿದವರು ತಿಪಟೂರಿನ ನರಸಿಂಹರಾಜು. ರಾಜ್‌ಕುಮಾರ್ ಜೊತೆಗೆ 1954ರ 'ಬೇಡರ ಕಣ್ಣಪ್ಪ'ದಲ್ಲಿ ಬೆಳ್ಳಿತೆರೆಗೆ ಬಂದ ಅವರು ಕಾಲು ಶತಮಾನ ಕನ್ನಡಿಗರನ್ನು ನಗಿಸಿದರು. ಊರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಕುಣಿಗಲ್ ನಾಗಭೂಷಣ್ ಕೂಡ ಈ ನೆಲದವರೇ. ಹೀಗಿರುವಾಗ ತುಮಕೂರು ಸೀಮೆಗೂ ನಗುವಿಗೂ ಹಳೆಯ ನಂಟಿದೆ ಎಂದರೆ ತಪ್ಪಾಗಲಾರದು.

ಕಂಪನಿ ನಾಟಕದ ಹಾಸ್ಯಗಾರನಿಗೆ ಒಂದು ಸ್ವಾತಂತ್ರ್ಯವಿತ್ತು. ರಾಜನ ಪಾತ್ರದವನು ಬರೆದ ಮಾತನ್ನೇ ಆಡಬೇಕು. ಹಾಸ್ಯಗಾರ ಮಾತ್ರ ಕ್ಯಾಂಪ್ ಹಾಕಿದ ಊರಿನ ಸುದ್ದಿಯನ್ನು ಎತ್ತಿಕೊಂಡು ಪ್ರೇಕ್ಷಕರೊಡನೆ ನೇರವಾಗಿ ಹರಟಬಹುದಿತ್ತು. ಇಂದು ಯಾವ ಚಾನೆಲ್ಲಿನ ಹಂಗೂ ಇಲ್ಲದೆ ಸ್ವಂತವಾಗಿ ವಿಡಿಯೋ ಮಾಡುವ ಹುಡುಗರಿಗೆ ದೊರೆತಿರುವುದೂ ಅದೇ ಸ್ವಾತಂತ್ರ್ಯ. ಅದನ್ನು ಅವರು ಹೇಗೆ ಬಳಸುತ್ತಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

'ನಾನು ಬರ್ತದೆ' ಎಂಬ ಹಾಸ್ಯ

ಕನ್ನಡದ ಹಾಸ್ಯದಲ್ಲಿ ಸಾಬಿಯ ಪಾತ್ರವೊಂದು ಬಹಳ ಹಿಂದಿನಿಂದಲೂ ಇದೆ. ಅವನಿಗೆ ಕಥೆಯಲ್ಲಿ ಹೆಚ್ಚೇನೂ ಕೆಲಸವಿರುವುದಿಲ್ಲ. ಬಂದು 'ನಾನು ಬರ್ತದೆ, ಅವನು ಹೋಗ್ತದೆ' ಎನ್ನಬೇಕು, ಜನ ನಗಬೇಕು, ಅವನು ಹೋಗಬೇಕು. ಈ ತಪ್ಪು ಸುಳ್ಳೇನೂ ಅಲ್ಲ. ಮನೆಯಲ್ಲಿ ದಖ್ಖನಿ ಮಾತನಾಡಿ, ಕನ್ನಡವನ್ನು ಸಂತೆಯಲ್ಲಿ, ಮಂಡಿಯಲ್ಲಿ, ಗ್ಯಾರೇಜಿನಲ್ಲಿ ಕಲಿತ ಹಿರಿಯರ ಬಾಯಲ್ಲಿ ಅದು ಸಹಜವಾಗಿಯೇ ಬರುತ್ತದೆ. ಅದೇ ರೀತಿ ಅದೇ ಸಂತೆಯಲ್ಲಿ ಉರ್ದು ಕಲಿತ ಗೌಡರು 'ಗಾಡಿ ಆತಾ ಹೈ' ಎನ್ನುತ್ತಾರೆ. ಅವರಿಗೆ ಗಾಡಿ ಗಂಡೋ ಹೆಣ್ಣೋ ಎಂಬ ಲೆಕ್ಕ ಹತ್ತುವುದಿಲ್ಲ. ಸಂತೆಯಲ್ಲಿ ಇಬ್ಬರೂ ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುತ್ತಾರೆ, ವ್ಯಾಪಾರವೂ ಮುಗಿಯುತ್ತದೆ. ಆದರೆ ತೆರೆಯ ಮೇಲೆ ಒಬ್ಬನ ತಪ್ಪು ಮಾತ್ರ ಕಾಣುತ್ತದೆ. ಇದನ್ನು ನೋಡಿ ಬೆಳೆದ ಮಕ್ಕಳು ಮಾರನೆಯ ದಿನ ಶಾಲೆಯಲ್ಲಿ ತಮ್ಮ ಪಕ್ಕದ ಬೆಂಚಿನ ಹುಡುಗನಿಗೆ, ಅವನು ಅಚ್ಚ ಕನ್ನಡವನ್ನೇ ಆಡುತ್ತಿದ್ದರೂ, ಅದೇ ಮಾತಿನಲ್ಲಿ ಕೆಣಕುತ್ತಾರೆ. ಹಾಸ್ಯ ಇಲ್ಲಿ ಪಾತ್ರದ ಮೇಲಲ್ಲ, ಹೆಸರಿನ ಮೇಲೆ ನಡೆಯುತ್ತದೆ.

ಹಾಗೆಂದು ಇಂಥ ಮಾತನ್ನು ತೆರೆಯಿಂದ ಅಳಿಸಿಬಿಡಬೇಕು ಎಂದು ನಾವು ಹೇಳುವುದಿಲ್ಲ. ಅಳಿಸಿದರೆ ನಮ್ಮ ಬೀದಿಯನ್ನೇ ಅಳಿಸಿದಂತೆ. ಆ ಮಾತನಾಡುವವನಿಗೆ ಒಂದು ಕಥೆ, ಒಂದು ಆಸೆ, ಒಂದಿಷ್ಟು ಬುದ್ಧಿ ಕೊಡಿ ಎಂಬುದಷ್ಟೇ ನಮ್ಮ ಬೇಡಿಕೆ.

ನೋಡಬಹುದಾದವು

ಮೊದಲ ಹೆಸರು ದಾನಿಶ್ ಸೇಠ್ ಅವರದು. ಬೆಂಗಳೂರಿನ ಎಫ್‌ಎಂ ರೇಡಿಯೋದಲ್ಲಿ ಜನರಿಗೆ ಫೋನ್ ಮಾಡಿ ಕಾಡುತ್ತಿದ್ದ ಈ ಯುವಕ ಅಲ್ಲಿ ಸೃಷ್ಟಿಸಿದ ಪಾತ್ರವೇ ನೋಗ್‌ರಾಜ್ ಎಂಬ ಪುಢಾರಿ. 2018ರಲ್ಲಿ ಅದು ಸಾದ್ ಖಾನ್ ನಿರ್ದೇಶನದಲ್ಲಿ 'ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್' ಎಂಬ ಸಿನಿಮಾ ಆಯಿತು. 2022ರ ಜನವರಿಯಲ್ಲಿ ಅದೇ ಹೆಸರಿನ ಹತ್ತು ಕಂತುಗಳ ಸರಣಿ ವೂಟ್ ವೇದಿಕೆಯಲ್ಲಿ ಬಂತು. ಯಾರಿಗೂ ಬಹುಮತವಿಲ್ಲದ ವಿಧಾನಸಭೆ, ರೆಸಾರ್ಟಿನಲ್ಲಿ ಕೂಡಿಹಾಕಿದ ಶಾಸಕರು, ಮುಖ್ಯಮಂತ್ರಿ ಕುರ್ಚಿಗಾಗಿ ಪ್ರಕಾಶ್ ಬೆಳವಾಡಿಯವರ ಪಾತ್ರದೊಡನೆ ಜಟಾಪಟಿ. 2018 ಮತ್ತು 2019ರ ಕರ್ನಾಟಕವನ್ನು ಕಂಡವರಿಗೆ ಇದರಲ್ಲಿ ಕಲ್ಪನೆ ಎಷ್ಟು, ವರದಿ ಎಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಇಲ್ಲಿನ ನಗು ಅಧಿಕಾರದ ಮೇಲೆ. ಜಾತಿ, ಧರ್ಮ, ಭಾಷೆಗಳನ್ನು ನೋಗ್‌ರಾಜ್ ದಾಳದಂತೆ ಉರುಳಿಸುವಾಗ ನಮಗೆ ಅವನ ಮೇಲೂ, ಅವನಂಥವರಿಗೆ ಮತ ಹಾಕಿದ ನಮ್ಮ ಮೇಲೂ ನಗು ಬರುತ್ತದೆ.

ಕೊರತೆಗಳೂ ಇವೆ. ಇದರ ಅರ್ಧ ಮಾತು ಇಂಗ್ಲಿಷಿನಲ್ಲಿದೆ. ಕುಣಿಗಲ್ಲಿನ ರೈತ ನೋಗ್‌ರಾಜನನ್ನು ಚೆನ್ನಾಗಿಯೇ ಬಲ್ಲ, ಆದರೆ ಈ ಸರಣಿ ಆ ರೈತನನ್ನು ಬಲ್ಲದು ಎಂದು ಅನಿಸುವುದಿಲ್ಲ. ಬೈಗುಳವೂ ಧಾರಾಳವಾಗಿರುವುದರಿಂದ ಮನೆಮಂದಿಯೊಡನೆ ಕೂತು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮನೆಮಂದಿಗೆ ಬೇಕಾದರೆ ದಾನಿಶ್ 2020ರ ಲಾಕ್‌ಡೌನ್ ಕಾಲದಲ್ಲಿ ಮಾಡಿದ ಪುಟ್ಟ ವಿಡಿಯೋಗಳಿವೆ. ಒಂದು ಮೊಬೈಲು, ಒಬ್ಬನೇ ನಟ, ಪಾತ್ರಕ್ಕೊಂದು ಟೋಪಿಯೋ ಟವೆಲ್ಲೋ. ರಾಮಮೂರ್ತಿ ಎಂಬ ಹಿರಿಯರಿಂದ ಹಿಡಿದು ಮನೆಗೆಲಸದಾಕೆಯವರೆಗೆ ಇಡೀ ಬೆಂಗಳೂರು ಅವರ ಒಂದೇ ಮುಖದಲ್ಲಿ ಬಂದು ಹೋಗುತ್ತದೆ. ಜನ ಭಯದಲ್ಲಿ ಬಾಗಿಲು ಹಾಕಿ ಕೂತಿದ್ದ ದಿನಗಳಲ್ಲಿ, ರೋಗ ಹರಡಿದ ತಪ್ಪನ್ನು ಒಂದು ಸಮುದಾಯದ ತಲೆಗೆ ಕಟ್ಟುವ ಮಾತುಗಳು ಅದೇ ಮೊಬೈಲಿನಲ್ಲಿ ಓಡಾಡುತ್ತಿದ್ದಾಗ, ಈ ವಿಡಿಯೋಗಳು ಎಲ್ಲರನ್ನೂ ಒಟ್ಟಿಗೆ ನಗಿಸಿದವು ಎಂಬುದು ಸಣ್ಣ ಮಾತಲ್ಲ.

ಅದೇ ವರ್ಷ ಬಂದ 'ಫ್ರೆಂಚ್ ಬಿರಿಯಾನಿ' ಸರಣಿಯಲ್ಲ, ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದ ಸಿನಿಮಾ. ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ನಿರ್ಮಿಸಿ ಪನ್ನಗ ಭರಣ ನಿರ್ದೇಶಿಸಿದ್ದು. ಇಲ್ಲಿ ಅದನ್ನು ಹೆಸರಿಸಲು ಕಾರಣವಿದೆ. ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಆಡುವುದು ಮೇಲೆ ಹೇಳಿದ ಅದೇ ಬೆರಕೆ ಮಾತು. ಆದರೆ ಅವನು ಬಂದು ಹೋಗುವ ಸಾಬಿಯಲ್ಲ, ಕಥಾನಾಯಕ. ಊರಿಗೆ ಹೊಸಬನಾದ ಫ್ರೆಂಚ್ ಪ್ರಜೆಯನ್ನು ಕೂರಿಸಿಕೊಂಡು ಬೆಂಗಳೂರು ಸುತ್ತುವಾಗ ಊರು ಅವನದು, ಅತಿಥಿ ಇನ್ನೊಬ್ಬ. ಮಾತು ಅದೇ, ನಗುವೂ ಅದೇ. ಆದರೆ ಆಟೋದ ಹ್ಯಾಂಡಲ್ ಯಾರ ಕೈಯಲ್ಲಿದೆ ಎಂಬುದು ಬದಲಾದೊಡನೆ ಹಾಸ್ಯದ ಅರ್ಥವೇ ಬದಲಾಗುತ್ತದೆ. ಕಥೆ ನಡುವೆ ಅಡ್ಡಾದಿಡ್ಡಿ ಹೋಗುತ್ತದೆ ನಿಜ. ಅಸ್ಗರನಿಗಾಗಿ ಸಹಿಸಿಕೊಳ್ಳಬಹುದು.

ಎರಡನೆಯದಾಗಿ ನಾಗಭೂಷಣ ಮತ್ತು ಗೆಳೆಯರ ಕೆಲಸ. ಇವರು ಯೂಟ್ಯೂಬ್‌ನಲ್ಲಿ ಆರಂಭಿಸಿದ ಚಾನೆಲ್ಲಿಗೆ ಇಟ್ಟ ಹೆಸರು ಕೆಇಬಿ, ಅಂದರೆ ಕರ್ನಾಟಕ ಎಂಟರ್‌ಟೈನ್‌ಮೆಂಟ್ ಬೋರ್ಡ್. ವಿದ್ಯುತ್ ಮಂಡಳಿ ಬೆಸ್ಕಾಂ ಆಗಿ ಎಷ್ಟೋ ವರ್ಷಗಳಾದರೂ ಕರೆಂಟು ಹೋದಾಗ ಈಗಲೂ 'ಕೆಇಬಿಯವರಿಗೆ ಫೋನ್ ಮಾಡು' ಎನ್ನುವ ನಮ್ಮ ಕಡೆಯ ಜನರಿಗೆ ಹೆಸರು ಕೇಳಿದೊಡನೆ ನಗು ಬರುತ್ತದೆ. ನಾಗಭೂಷಣ ಅವರದು ಅಬ್ಬರವಿಲ್ಲದ ಹಾಸ್ಯ. ಪೆಚ್ಚುಮೋರೆ ಹಾಕಿ ನಿಂತೇ ನಗಿಸಬಲ್ಲರು. ಹೊಸದಾಗಿ ಮದುವೆಯಾದ ಜೋಡಿ ಕೇರಳಕ್ಕೆ ಹೋಗುವ 'ಹನಿಮೂನ್' ಸರಣಿ 2022ರಲ್ಲಿ ಬಂತು. ಅದಕ್ಕೂ ಹಿಂದೆ, 2021ರಲ್ಲಿ, ಇಷಾಮ್ ಖಾನ್ ಮತ್ತು ಹಸೀನ್ ಖಾನ್ ನಿರ್ದೇಶಿಸಿದ 'ಇಕ್ಕಟ್' ಬಂದಿತ್ತು. ವಿಚ್ಛೇದನಕ್ಕೆ ಸಿದ್ಧರಾದ ಗಂಡ ಹೆಂಡತಿ ಲಾಕ್‌ಡೌನ್‌ನಿಂದಾಗಿ ಒಂದೇ ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಕಥೆ. ಮಧ್ಯಮ ವರ್ಗದ ಕನ್ನಡ ಮನೆಯೊಂದರ ಗೊಣಗಾಟವನ್ನು ಈ ಇಬ್ಬರು ಎಷ್ಟು ಹತ್ತಿರದಿಂದ ಬಲ್ಲರೆಂದು ನೋಡಿದರೆ, ಕನ್ನಡ ಯಾರ ಸ್ವತ್ತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಮೂರನೆಯದು ಬೆಂಗಳೂರಿನಿಂದ ದೂರದ್ದು. ಉತ್ತರ ಕರ್ನಾಟಕದ ಹುಡುಗರು ಯೂಟ್ಯೂಬ್‌ನಲ್ಲಿ ತಮ್ಮದೇ ಒಂದು ಹಾಸ್ಯಲೋಕ ಕಟ್ಟಿದ್ದಾರೆ. ಶಿವಪುತ್ರ ಯಶಾರಧಾ ಅವರ ವಿಡಿಯೋಗಳಿವೆ, ಮುಕಳೆಪ್ಪ ಎಂಬ ಹೆಸರಿನಲ್ಲಿ ಧಾರವಾಡ ಕಡೆಯ ಖ್ವಾಜಾ ಶಿರಹಟ್ಟಿಯವರ ವಿಡಿಯೋಗಳಿವೆ. ಹೊಲ, ಕಟ್ಟೆ, ಅತ್ತೆ ಸೊಸೆ ಜಗಳ, ಸಾಲ, ಮದುವೆ ಇವೇ ವಸ್ತು. ಎಷ್ಟೋ ಕಡೆ ಹಾಸ್ಯ ಒರಟು, ಹೆಂಗಸರ ಬಗೆಗಿನ ಕೆಲವು ಮಾತುಗಳು ನಮಗೆ ಹಿಡಿಸುವುದಿಲ್ಲ. ಆದರೆ ಮಾತು ಮಾತ್ರ ಮಣ್ಣಿನದು. ಮುಕಳೆಪ್ಪನ ಕನ್ನಡ ಕೇಳಿ ಜನ ವರ್ಷಗಟ್ಟಲೆ ನಕ್ಕರು, ಇವನ ನಿಜ ಹೆಸರೇನು ಎಂದು ಕೇಳುವ ಅಗತ್ಯ ಬಹುಪಾಲು ಮಂದಿಗೆ ಬೀಳಲಿಲ್ಲ. 2025ರಲ್ಲಿ ಅವರ ಖಾಸಗಿ ಬದುಕು ವಿವಾದದ ಸುದ್ದಿಯಾದಾಗ ಹೆಸರು, ಧರ್ಮ ಎಲ್ಲ ಮುನ್ನೆಲೆಗೆ ಬಂದವು. ಆ ವಿವಾದದ ಗೋಜಿಗೆ ನಾವು ಹೋಗುವುದಿಲ್ಲ. ನಗುವಾಗ ನೆನಪಾಗದ ಹೆಸರು ಸಿಟ್ಟು ಬಂದಾಗ ಮಾತ್ರ ಏಕೆ ನೆನಪಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಪ್ರೇಕ್ಷಕನೂ ತನ್ನನ್ನು ತಾನೇ ಕೇಳಿಕೊಳ್ಳಲಿ.

ನಮ್ಮ ಊರಿನ ಸರಣಿ ಎಲ್ಲಿ?

ಹಿಂದಿಯ 'ಪಂಚಾಯತ್' ಸರಣಿಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಯೂಟ್ಯೂಬ್‌ನಲ್ಲಿ ಹೆಸರು ಮಾಡಿದ ಟಿವಿಎಫ್ ತಂಡ 2020ರಲ್ಲಿ ತಂದದ್ದು. ಉತ್ತರ ಪ್ರದೇಶದ ಫುಲೇರಾ ಎಂಬ ಕಲ್ಪಿತ ಹಳ್ಳಿಯ ಪಂಚಾಯಿತಿ ಕಚೇರಿ, ಅಲ್ಲಿಗೆ ಮನಸ್ಸಿಲ್ಲದೆ ಬಂದ ಒಬ್ಬ ಕಾರ್ಯದರ್ಶಿ. ಇಷ್ಟರಲ್ಲೇ ಇಡೀ ದೇಶವನ್ನು ನಗಿಸಿದರು. ತಮಿಳರು ಅದನ್ನು 2024ರಲ್ಲಿ, ತೆಲುಗರು 2025ರಲ್ಲಿ ತಮ್ಮ ಊರಿಗೆ ಒಗ್ಗಿಸಿಕೊಂಡರು. ನಮಗೆ ನಕಲು ಬೇಡ, ಆದರೆ ಆ ಧೈರ್ಯ ಬೇಕು. ಗುಬ್ಬಿಯ ತೆಂಗಿನ ತೋಟದ ದಾಯಾದಿ ಜಗಳ, ತುಮಕೂರಿನ ಮಂಡಿಯ ದಲ್ಲಾಳಿಗಳ ಮಾತಿನ ವರಸೆ, ಕುಣಿಗಲ್ಲಿನಿಂದ ಬೆಂಗಳೂರಿಗೆ ಹೋಗಿ ಬಂದವರ ಠೀವಿ, ಇವುಗಳಲ್ಲಿ ಹತ್ತು ಸರಣಿಗೆ ಆಗುವಷ್ಟು ಸರಕಿದೆ. ಬೆಂಗಳೂರಿನ ಮಾತು ಬಂತು, ಧಾರವಾಡದ ಮಾತು ಬಂತು. ನಡುವೆ ಇರುವ ನಮ್ಮ ಮಾತು ಯಾರ ಮೊಬೈಲಿನಲ್ಲೂ ಅಷ್ಟಾಗಿ ಕೇಳಿಸುತ್ತಿಲ್ಲ.

ವೇದಿಕೆಗಳನ್ನು ನಂಬಿ ಕೂರುವಂತೆಯೂ ಇಲ್ಲ. ನೋಗ್‌ರಾಜ್ ಮತ್ತು ಹನಿಮೂನ್ ಬಂದಿದ್ದ ವೂಟ್ 2023ರಲ್ಲಿ ಜಿಯೋ ಸಿನಿಮಾದೊಳಗೆ ಕರಗಿಹೋಯಿತು, ಆ ಜಿಯೋ ಸಿನಿಮಾ 2025ರಲ್ಲಿ ಜಿಯೋ ಹಾಟ್‌ಸ್ಟಾರ್ ಆಯಿತು. ದೊಡ್ಡವರ ಅಂಗಡಿ ಮುಚ್ಚಿದರೆ ಅಲ್ಲಿಟ್ಟ ಸರಕಿನ ಗತಿ ಅಷ್ಟೇ. ನಾಲ್ಕು ಮಂದಿ ಗೆಳೆಯರು ಸೇರಿ ಸ್ವಂತ ಚಾನೆಲ್ಲಿನಲ್ಲಿ ಹಾಕಿದ್ದು ಸಣ್ಣದಾದರೂ ಅವರದೇ ಆಗಿ ಉಳಿಯುತ್ತದೆ.

ಅದಕ್ಕೆ ಬೇಕಾದದ್ದು ಬಹಳವಿಲ್ಲ. ಒಂದು ಮೊಬೈಲು, ಕೇಳುವ ಕಿವಿ, ಮತ್ತು ಜೊತೆಗೆ ನಿಲ್ಲುವ ಗೆಳೆತನ. 1884ರಲ್ಲಿ ಚಂದಣ್ಣನವರಿಗೂ ಅಜೀಜ್ ಸಾಹೇಬರಿಗೂ ಮೊಬೈಲು ಇರಲಿಲ್ಲ, ಉಳಿದೆರಡಿದ್ದವು. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಆ ಹೆಸರಿಗೆ ನಿಜವಾದ ಗೌರವ ಸಲ್ಲಬೇಕಾದರೆ ನಮ್ಮ ಹುಡುಗರು, ಅವರಲ್ಲಿ ಚಂದಣ್ಣನ ಮೊಮ್ಮಕ್ಕಳ ವಯಸ್ಸಿನವರೂ ಸಾಹೇಬರ ಮೊಮ್ಮಕ್ಕಳ ವಯಸ್ಸಿನವರೂ ಇರಲಿ, ಒಟ್ಟಿಗೆ ಕೂತು ಒಂದು ಕಂತು ಬರೆಯಲಿ. ಅದರಲ್ಲಿ 'ನಾನು ಬರ್ತದೆ' ಎನ್ನುವವನೂ ಇರಲಿ, 'ಗಾಡಿ ಆತಾ ಹೈ' ಎನ್ನುವವನೂ ಇರಲಿ. ಅಂಥ ಸರಣಿಯೊಂದು ಬಂದ ದಿನ ಅದರ ಬಗ್ಗೆ ಇದೇ ಪುಟಗಳಲ್ಲಿ ಬರೆಯಲು ನಾವು ಕಾಯುತ್ತಿರುತ್ತೇವೆ.