ಸಹಿಯಿಲ್ಲದ ಲೇಖನ ಯಾರದು?

ಸಹಿಯಿಲ್ಲದ ಒಂದು ಹಳೆಯ ರಾಜಕೀಯ ಲೇಖನ ಸಿಕ್ಕಿದೆ ಎನ್ನಿ. ಗಣಕಯಂತ್ರ ಅದರ ಪದಗಳನ್ನು ಎಣಿಸಿ, ‘ಇದು ಇಂಥ ಪ್ರಸಿದ್ಧ ಕವಿಯದೇ, ಸಂಭವನೀಯತೆ ಶೇಕಡಾ ಇಷ್ಟು’ ಎಂದು ಹೇಳುತ್ತದೆ. ಆ ಶೇಕಡಾವನ್ನು ನೀವು ಎಷ್ಟು ನಂಬಬಹುದು?

ಈ ವಿದ್ಯೆಗೆ ಶೈಲಿಮಾಪನ ಎಂದು ಹೆಸರು. ಇದರ ಪ್ರಸಿದ್ಧ ಯಶಸ್ಸು ಅಮೆರಿಕದ್ದು. ಅಲ್ಲಿನ ಹೊಸ ಸಂವಿಧಾನವನ್ನು ಬೆಂಬಲಿಸಿ 1787-88ರಲ್ಲಿ ‘ಪಬ್ಲಿಯಸ್’ ಎಂಬ ಹುಸಿ ಹೆಸರಿನಲ್ಲಿ 85 ಲೇಖನಗಳು ಬಂದವು. ಅವುಗಳಲ್ಲಿ 12 ಹ್ಯಾಮಿಲ್ಟನ್‌ರವೋ ಮ್ಯಾಡಿಸನ್‌ರವೋ ಎಂಬ ಜಗಳ ಬಹುಕಾಲ ನಡೆಯಿತು. ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಸಂವಿಧಾನ’, ‘ಸೇನೆ’ಯಂಥ ತೂಕದ ಪದಗಳನ್ನು ಬಿಟ್ಟು ಚಿಲ್ಲರೆ ಪದಗಳನ್ನು ಎಣಿಸಿದರು. ‘ಅಪಾನ್’ ಎಂಬ ಪದ ಹ್ಯಾಮಿಲ್ಟನ್‌ರಲ್ಲಿ ಸಾವಿರಕ್ಕೆ ಸುಮಾರು 3 ಬಾರಿ ಬರುತ್ತದೆ. ಮ್ಯಾಡಿಸನ್‌ರಲ್ಲಿ ಐದು ಸಾವಿರಕ್ಕೆ ಒಂದೋ ಎರಡೋ ಅಷ್ಟೆ. ವಿಷಯ ಬದಲಾದರೂ ಇಂಥ ಪದಗಳ ರೂಢಿ ಅಷ್ಟಾಗಿ ಬದಲಾಗದು, ಬರೆಯುವವನು ಅವನ್ನು ಗಮನಿಸುವುದೂ ಇಲ್ಲ. ಹನ್ನೆರಡೂ ಮ್ಯಾಡಿಸನ್‌ರವೇ ಎಂಬುದು ಅವರ ತೀರ್ಮಾನ.

ಆದರೆ ಇಲ್ಲಿ ಸ್ಪರ್ಧೆಯಲ್ಲಿದ್ದವರು ಇಬ್ಬರೇ. ಇಬ್ಬರ ಗದ್ಯವೂ, ಅದೇ ಕಾಲದ್ದು, ಅದೇ ಜಾತಿಯದ್ದು, ಹೇರಳವಾಗಿ ಸಿಗುತ್ತಿತ್ತು. ಇಷ್ಟು ಅನುಕೂಲ ಎಲ್ಲರಿಗೂ ಒದಗುವುದಿಲ್ಲ.

ನಮ್ಮ ದೇಶದ ಉದಾಹರಣೆ ನೋಡಿ. ‘ಸಾವಿತ್ರಿ’ಯ ಕವಿ ಅರವಿಂದ ಘೋಷ್ 1906ರಿಂದ ಕಲ್ಕತ್ತೆಯ ‘ಬಂದೇ ಮಾತರಂ’ ಇಂಗ್ಲಿಷ್ ಪತ್ರಿಕೆಗೆ ಬರೆಯುತ್ತಿದ್ದರು. ಲೇಖನಗಳಿಗೆ ಸಾಮಾನ್ಯವಾಗಿ ಸಹಿ ಇರುತ್ತಿರಲಿಲ್ಲ. 1907ರಲ್ಲಿ ಸರ್ಕಾರ ರಾಜದ್ರೋಹದ ಮೊಕದ್ದಮೆ ಹೂಡಿತು. ಸಂಪಾದಕರು ಇವರೇ ಎಂದು ರುಜುವಾತಾಗಬೇಕಿತ್ತು. ಬಿಪಿನ್ ಚಂದ್ರ ಪಾಲರು ಸಾಕ್ಷಿ ಹೇಳಲು ನಿರಾಕರಿಸಿ ಆರು ತಿಂಗಳು ಸೆರೆಮನೆಗೆ ಹೋದರು. ಅರವಿಂದರು ಬಿಡುಗಡೆಯಾದರು, ಪತ್ರಿಕೆಯ ಮುದ್ರಕನಿಗೆ ಶಿಕ್ಷೆಯಾಯಿತು. ಅಂದು ಕರ್ತೃತ್ವದ ಪ್ರಶ್ನೆ ಸಾಹಿತ್ಯದ ಕುತೂಹಲವಾಗಿರಲಿಲ್ಲ. ಉತ್ತರ ಸಿಕ್ಕಿದ್ದರೆ ಒಬ್ಬ ಮನುಷ್ಯ ಜೈಲು ಸೇರುತ್ತಿದ್ದ.

ಆ ಪತ್ರಿಕೆಯ ಸಹಿಯಿಲ್ಲದ ಲೇಖನಗಳು ಇಂದು ಅರವಿಂದರ ಸಮಗ್ರ ಕೃತಿಗಳಲ್ಲಿ ಸೇರಿವೆ. ಅಲ್ಲೇ ತೊಡಕಿರುವುದು. ಸಹೋದ್ಯೋಗಿ ಶ್ಯಾಮಸುಂದರ ಚಕ್ರವರ್ತಿ ತಮ್ಮ ಶೈಲಿಯನ್ನು ಎಷ್ಟೋ ಮಟ್ಟಿಗೆ ಹಿಡಿದಿದ್ದರು, ಇಬ್ಬರ ಬರಹಗಳ ವ್ಯತ್ಯಾಸ ಹಲವರಿಗೆ ತಿಳಿಯುತ್ತಿರಲಿಲ್ಲ ಎಂದು ಅರವಿಂದರೇ ಮುಂದೆ ತಿಳಿಸಿದ್ದಾರೆ. ಒಂದೇ ಮೇಜಿನ ಸುತ್ತ ಕೂತು ದಿನವೂ ಬರೆಯುವವರಲ್ಲಿ ಇದು ಸಹಜ. ಆದ್ದರಿಂದ ಹಸ್ತಪ್ರತಿಯ ಬೆಂಬಲವಿರುವ ಲೇಖನವನ್ನೂ ಶೈಲಿಯಿಂದ ಮಾತ್ರ ಊಹಿಸಿದ ಲೇಖನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇನ್ನು ‘ಸಾವಿತ್ರಿ’ಯ ಪದಗಳನ್ನೆಣಿಸಿ ಸಂಪಾದಕೀಯಕ್ಕೆ ಹೋಲಿಸುವುದಂತೂ ಸಲ್ಲದು. ಪದ್ಯದಲ್ಲಿ ಚಿಲ್ಲರೆ ಪದಗಳನ್ನು ಛಂದಸ್ಸೂ ಆಳುತ್ತದೆ.

ಕನ್ನಡಕ್ಕೆ ಬಂದರೆ ಕಷ್ಟ ಇಮ್ಮಡಿ. ಇಂಗ್ಲಿಷಿನ ಚಿಲ್ಲರೆ ಪದಗಳ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. ‘ಊರಿಗೂ’ ಎಂಬ ಒಂದು ಪದದಲ್ಲಿ ಊರು, ಗೆ, ಊ ಮೂರೂ ಇವೆ. ಖಾಲಿ ಜಾಗ ನೋಡಿ ಪದ ಬಿಡಿಸುವ ತಂತ್ರಾಂಶಕ್ಕೆ ಇದು ಕಾಣುವುದಿಲ್ಲ. ಮೊದಲು ಸಂಧಿ ಬಿಡಿಸಬೇಕು, ಪ್ರತ್ಯಯ ಬೇರ್ಪಡಿಸಬೇಕು. ಅಷ್ಟಾದರೂ ‘ಅಂತ’ ಎಂಬುದನ್ನು ‘ಎಂದು’ ಎಂದು ತಿದ್ದಿದವನು ಕರಡು ನೋಡುವವನಾಗಿದ್ದರೆ, ನೀವು ಎಣಿಸುತ್ತಿರುವುದು ಯಾರ ರೂಢಿಯನ್ನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಕಾಲದ ಒಂದು ಅನಾಮಧೇಯ ಕರಪತ್ರ ಸಿಕ್ಕಿತೆನ್ನೋಣ. ‘ಐತಿ’ ಎಂದಿದೆ, ಆದ್ದರಿಂದ ಕೊಟ್ಟೂರಿನ ಇಂಥವರದೇ ಎನ್ನುವ ಆಸೆ ಬರುತ್ತದೆ. ‘ಐತಿ’ ಧಾರವಾಡದವರೆಗೂ ಇದೆ! ಆಡುನುಡಿ ಸೀಮೆಯನ್ನು ತೋರಿಸೀತು, ವ್ಯಕ್ತಿಯನ್ನಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಾದಂಬರಿಗಳಲ್ಲಿ ಈ ಸೀಮೆಯ ಮಾತು ಸಮೃದ್ಧವಾಗಿದೆ. ಆದರೆ ಪಾತ್ರದ ಬಾಯಲ್ಲಿ ಬಂದ ಮಾತು ಕಾದಂಬರಿಕಾರರ ಬೆರಳಚ್ಚಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ಸಂಗತಿ ಬೇರೆ. ರಾಯಸಂ ಭೀಮಸೇನರಾಯರೇ ಬೀಚಿ ಎಂದು ನಾಡಿಗೇ ಗೊತ್ತು. ಎಲ್ಲರಿಗೂ ತಿಳಿದ ಕಾವ್ಯನಾಮ ಗುಟ್ಟಲ್ಲ, ಅದೊಂದು ವಿಳಾಸ.

ಯಾರಾದರೂ ಗಣಕದ ಫಲಿತಾಂಶ ತಂದರೆ ಮೊದಲು ಒಂದು ಪರೀಕ್ಷೆ ಕೇಳಿ. ಕರ್ತೃ ಖಚಿತವಾಗಿರುವ, ಅದೇ ಉದ್ದದ ಲೇಖನಗಳನ್ನು ಹೆಸರು ಮುಚ್ಚಿ ಕೊಟ್ಟಾಗ ತಂತ್ರಾಂಶ ಎಷ್ಟು ಬಾರಿ ತಪ್ಪಿತು? ನಿಜವಾದ ಲೇಖಕ ಪಟ್ಟಿಯಲ್ಲೇ ಇಲ್ಲದಿದ್ದರೆ ‘ಯಾರೂ ಅಲ್ಲ’ ಎನ್ನಲು ಅದಕ್ಕೆ ಬರುತ್ತದೆಯೇ? ಬಾರದಿದ್ದರೆ ಅದು ಪಟ್ಟಿಯಲ್ಲಿ ಹೆಚ್ಚು ಹೋಲುವವನ ಕೊರಳಿಗೆ ಗಂಟೆ ಕಟ್ಟುತ್ತದೆ. ಸತ್ತವರು ಬಂದು ಅಲ್ಲಗಳೆಯಲಾರರು.

ಕರಪತ್ರದ ಅಡಿಯನ್ನೂ ನೋಡಿ. 1867ರ ಮುದ್ರಣ ಕಾಯಿದೆಯ ಪ್ರಕಾರ ಮುದ್ರಕನ ಹೆಸರು ಮತ್ತು ಅಚ್ಚಾದ ಸ್ಥಳ ನಮೂದಾಗಬೇಕಿತ್ತು. ಮುದ್ರಣಾಲಯದ ಹೆಸರಿದ್ದರೆ ಅದೇ ಮುದ್ರಣಾಲಯದ ಬೇರೆ ಕೆಲಸಗಳನ್ನು ಹುಡುಕಿ, ಸವೆದ ಅಚ್ಚುಮೊಳೆಗಳನ್ನು ಭೂತಗಾಜಿನಡಿ ಹೋಲಿಸಿ. ಹೆಸರನ್ನು ಬೇಕೆಂದೇ ಬಿಟ್ಟಿದ್ದರೂ ಸವೆದ ಮೊಳೆಗಳ ಗುರುತು ಅಲ್ಲೇ ಇರುತ್ತದೆ.